ಉಡುಗೊರೆಯ ಮಾವ

ನಮ್ಮ ಹಿರಿಯರು ಕುಟುಂಬದ ಕಟ್ಟಳೆಗಳನ್ನು ವಿಧಿಸುವಾಗ ಸೋದರಮಾವನಿಗೆ ಎರಡು ಮಹತ್ಕಾರ್ಯಗಳನ್ನು ಮೀಸಲಿಟ್ಟರು: ಕೂಸಿನ ಕಿವಿ ಚುಚ್ಚುವಾಗ ತೊಡೆಯೊಡ್ಡಿ ಕುಳಿತುಕೊಳ್ಳುವುದು ಒಂದು, ಅದೇ ಕೂಸು ಬೆಳೆದು ಮದುವಣಗಿತ್ತಿಯಾದಾಗ ಕೈಹಿಡಿದು ಮಂಟಪಕ್ಕೆ ಕರೆತರುವುದು ಮತ್ತೊಂದು. ಈ ಎರಡರ ನಡುವಣ ಇಪ್ಪತ್ತು ಇಪ್ಪತ್ತೈದು ವರ್ಷಗಳ ದೀರ್ಘಾವಧಿಯಲ್ಲಿ ಆತನು ಏನು ಮಾಡತಕ್ಕದ್ದೆಂಬ ವಿಷಯದಲ್ಲಿ ಮಾತ್ರ ಅವರು ಮೌನ ತಾಳಿದರು; ಆತನಿಗೂ ಹೆಂಡತಿ ಮಕ್ಕಳು, ಹೊಲ ಮನೆ, ಕೋರ್ಟು ಕಚೇರಿ ಇತ್ಯಾದಿ ಉಪದ್ರವಗಳು ಇದ್ದೇ ಇರುತ್ತವೆಂದು ಭಾವಿಸಿರಬೇಕು. ಹೊಲ ಮಾರಿಹೋಗಿ, ಮದುವೆ ಕೂಡಿಬಾರದೆ, ಮಹಾನಗರದ ಲೆಕ್ಕಪತ್ರದ ಕಚೇರಿಯೊಂದರಲ್ಲಿ ನೆಮ್ಮದಿಯ ನೌಕರಿ ಹಿಡಿದು ಕುಳಿತ ಸೋದರಮಾವನೊಬ್ಬನು ಲೋಕದಲ್ಲಿ ಸಂಭವಿಸಿಯಾನೆಂದು ಅವರು ಎಣಿಸಲಿಲ್ಲ. ಅಂಥವನ ನಿರುದ್ಯೋಗವನ್ನು ನಿವಾರಿಸಿದ ಕೀರ್ತಿ ಮಕ್ಕಳ ಹುಟ್ಟುಹಬ್ಬಕ್ಕೆ ಸಲ್ಲತಕ್ಕದ್ದು.

ಬೆಂಗಳೂರಿನ ಬಡಾವಣೆಗಳಲ್ಲಿ ಇಂತಹ ಮಾವಂದಿರು ಈಗ ವಿರಳರಲ್ಲ. ನಾನು ಬಲ್ಲವರು ಧಾರವಾಡದ ಕಡೆಯವರು. ಬಸವನಗುಡಿಯಲ್ಲಿ ಒಬ್ಬರೇ ವಾಸ. ಅವರ ಅಕ್ಕನ ಸಂಸಾರವು ವಿಜಯನಗರದ ಬಹುಮಹಡಿಯ ಕಟ್ಟಡದಲ್ಲಿ ನಮ್ಮ ನೆರೆಮನೆಯಾದ ಕಾರಣ, ಆ ಮನೆಯ ಏಕಮಾತ್ರ ಪುತ್ರಿಯಾದ ಪುಟ್ಟಿಯ ಹುಟ್ಟುಹಬ್ಬಗಳನ್ನೆಲ್ಲ ಪೂರ್ವಸಿದ್ಧತೆಯ ಹಂತದಿಂದಲೇ ನೋಡುವ ಭಾಗ್ಯ ನನ್ನದಾಯಿತು. ಪೂರ್ವಸಿದ್ಧತೆಯೆಂದರೆ ಹಿಂದಿನ ವಾರದ್ದಲ್ಲ. ಹುಟ್ಟುಹಬ್ಬವು ಮಾರ್ಗಶಿರದಲ್ಲಿದ್ದರೆ ಮಾವನವರ ವಿಚಾರಣೆ ಜ್ಯೇಷ್ಠದಲ್ಲಿಯೇ ಆರಂಭವಾಗುತ್ತದೆ. ಅವರ ಹೆಗಲಿಗೊಂದು ಖಾದಿ ಚೀಲ. ಚೀಲದಲ್ಲಿ ರಟ್ಟಿನ ಹೊದಿಕೆಯ ಒಂದು ಲೆಕ್ಕದ ಪುಸ್ತಕ, ಒಂದು ಅಳತೆಪಟ್ಟಿ, ಮತ್ತು ಹಳೆಯ ಕಾಲದ ಕ್ಯಾಮೆರಾ ಫಿಲ್ಮಿನ ಕರಿಯ ಡಬ್ಬಿ.

ಈ ಡಬ್ಬಿಯ ಮಹಿಮೆಯನ್ನು ತುಸು ವಿಸ್ತರಿಸಿಯೇ ಹೇಳಬೇಕು. ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟುಕೊಳ್ಳುವರಷ್ಟೆ. ಆದುದರಿಂದ ಆಟಿಕೆಗಳ ತಪಾಸಣೆಗೆಂದು ಸುಮಾರು 32 ಮಿಲಿಮೀಟರ್ ವ್ಯಾಸದ ಕೊಳವೆಯೊಂದನ್ನು ಪರಿಣತರು ಗೊತ್ತುಮಾಡಿದ್ದಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತುವು ಕೂಸಿನ ಗಂಟಲಿಗೂ ಇಳಿದೀತು. ಫಿಲ್ಮಿನ ಡಬ್ಬಿಯ ಬಾಯಿ ಹೆಚ್ಚು ಕಡಿಮೆ ಅಷ್ಟೇ ಅಗಲವೆಂದು ತಿಳಿದ ದಿನದಿಂದ ಮಾವನವರು ಅದನ್ನು ಬಿಟ್ಟು ಹೊರಗೆ ಹೊರಟವರಲ್ಲ. ಗಾಂಧಿಬಜಾರಿನ ಅಂಗಡಿಗಳಲ್ಲಿ ಗೊಂಬೆಯ ಕಣ್ಣು, ಬಂಡಿಯ ಚಕ್ರ, ಗಿಲಕಿಯ ಹಿಡಿಕೆ ಇವೆಲ್ಲವನ್ನೂ ಒಂದೊಂದಾಗಿ ಡಬ್ಬಿಯ ಬಾಯಿಗೆ ಹಿಡಿದು ನೋಡುತ್ತ ಅವರು ನಿಂತರೆಂದರೆ, ಮಾಲೀಕನು ಇವರು ಯಾವುದೋ ಸರ್ಕಾರಿ ಇಲಾಖೆಯವರಿರಬೇಕೆಂದು ಬಗೆದು ಕುರ್ಚಿ ತರಿಸುವುದುಂಟು. ಅಕ್ಕನ ಮನೆಯಲ್ಲಿಯೂ ಈ ಪರೀಕ್ಷೆ ನಿಲ್ಲದೆ, ನಾಗರಪಂಚಮಿಯ ತಿಂಡಿಗಳವರೆಗೆ ಬಂದಾಗ, ಪುಟ್ಟಿಯ ಅಜ್ಜಿಯಾದ ಅವರ ತಾಯಿ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, “ಶೇಂಗಾ ಉಂಡಿ ಅದರಾಗ ಹಿಡಸ್ತದೇನು ನೋಡಪಾ. ಹಿಡಸಿದ್ರ ಹೇಳು, ಇನ್ನೂ ದೊಡ್ಡೂ ಕಟ್ತೀನಿ” ಎಂದರು. ಮಾವನವರು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಉಡುಗೊರೆಯ ವಿಷಯದಲ್ಲಿ ಅವರ ಸಿದ್ಧಾಂತವು ಕಠೋರವಾದುದು. ಬ್ಯಾಟರಿಯಿರಕೂಡದು; ಸದ್ದು ಮಾಡಕೂಡದು; ಪರದೆಯಂತೂ ಸುತರಾಂ ಕೂಡದು. ಮಗುವಿನ ಬುದ್ಧಿಯೂ ಬೆರಳೂ ಏಕಕಾಲಕ್ಕೆ ವಿಕಾಸ ಹೊಂದಬೇಕು. ಮಾರಿಯಾ ಮಾಂಟೆಸೊರಿಯವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಸಂಗತಿಯನ್ನು, ಅಂದು ಮಾಲೆ ಹಾಕಿ ಎದುರುಗೊಂಡವರು ತಾವೇ ಎಂಬಷ್ಟು ಸಲಿಗೆಯಿಂದ ಅವರು ವರ್ಣಿಸುವುದನ್ನು ನಾನು ಕೇಳಿದ್ದೇನೆ. ಇಷ್ಟೆಲ್ಲ ಆದಮೇಲೆಯೂ ಮಗುವಿನ ಇಚ್ಛೆಗೆ ವಿರೋಧವಾಗಿ ಏನನ್ನೂ ಕೊಡಬಾರದೆಂಬುದು ಅವರ ಅಂತಿಮ ಸೂತ್ರ. ಈ ಸೂತ್ರವೇ ಅವರನ್ನು ಸಂಕಟಕ್ಕೆ ಸಿಲುಕಿಸುವುದು. ನಾಲ್ಕು ತುಂಬುವ ಮುನ್ನ ಪುಟ್ಟಿಯನ್ನು ಏಕಾಂತದಲ್ಲಿ ಕೂರಿಸಿಕೊಂಡು, ಬಹಳ ಬಳಸುಮಾತಿನಿಂದ, ನಿನಗೆ ಲೋಕದಲ್ಲಿ ಅತ್ಯಂತ ಪ್ರಿಯವಾದುದು ಯಾವುದೆಂದು ವಿಚಾರಿಸಲಾಗಿ, ಆಕೆ ಕ್ಷಣವೂ ತಡೆಯದೆ “ಜೆಸಿಬಿ” ಎಂದಳು. ಮಾವನವರು ರಾತ್ರಿಯೆಲ್ಲ ಚಿಂತಿಸಿದರು. ತಿಂಗಳುಗಟ್ಟಲೆ ಹುಡುಕಿ, ಬ್ಯಾಟರಿಯಿಲ್ಲದ, ಸದ್ದಿಲ್ಲದ, ಶುದ್ಧ ದಾರುಮಯವಾದ ಒಂದು ಹಳದಿ ಜೆಸಿಬಿಯನ್ನು ಬಡಗಿಯಿಂದ ಮಾಡಿಸಿ ತರುವಷ್ಟರಲ್ಲಿ ಪುಟ್ಟಿಯು ಆ ಆಸಕ್ತಿಯಿಂದ ನಿವೃತ್ತಳಾಗಿ, ತಾನೇ ಆನೆಯಾಗಿಬಿಟ್ಟಿದ್ದಳು. ಆನೆಗೆ ಬೇಕಾದುದು ಬಾಳೆಹಣ್ಣು ಮಾತ್ರ.

ಉಡುಗೊರೆಯನ್ನು ಯೋಚಿಸಿ ಕೊಡುವವರನ್ನು ನಾನು ಹಳಿಯತಕ್ಕವನಲ್ಲ. ಯೋಚಿಸದೆ ಕೊಡುವವರ ದಂಡು ಎಷ್ಟು ದೊಡ್ಡದೆಂಬುದು ನಮ್ಮ ಅಟ್ಟಕ್ಕೆ ಗೊತ್ತು. ಯಾರದೋ ಗೃಹಪ್ರವೇಶದಲ್ಲಿ ಬಂದ ಊಟದ ಡಬ್ಬಿಯು ಬೇರೆ ಕಾಗದ ಸುತ್ತಿಕೊಂಡು ಮಗುವಿನ ಹುಟ್ಟುಹಬ್ಬಕ್ಕೆ ಬಿಜಯಂಗೈಯುತ್ತದೆ. ಅಲ್ಲಿಂದ ಮುಂದಿನ ಉಪನಯನಕ್ಕೆ ಹೊರಡುತ್ತದೆ. ಮುಯ್ಯಿಯ ಲೆಕ್ಕವಿಟ್ಟ ನಮ್ಮ ಅಜ್ಜಿಯರು ಇಂಥಿಂಥವರಿಂದ ಇಷ್ಟಿಷ್ಟು ಬಂತು, ಇಷ್ಟು ಹಿಂದಿರುಗಬೇಕು ಎಂದು ನೇರವಾಗಿ ಬರೆದಿಡುತ್ತಿದ್ದರು. ಅದರಲ್ಲಿ ಒಂದು ಪ್ರಾಮಾಣಿಕತೆಯಿತ್ತು. ಮಾವನವರ ದೋಷ ಇದಕ್ಕೆ ತದ್ವಿರುದ್ಧವಾದುದು: ಅವರು ಕೊಡುವುದು ಈಗಿರುವ ಮಗುವಿಗಲ್ಲ, ಆಕೆ ಮುಂದೆ ಆಗಬೇಕೆಂದು ತಾವು ಕಲ್ಪಿಸಿಕೊಂಡ ಮಗುವಿಗೆ. ಎರಡನೆಯ ವರ್ಷಕ್ಕೆ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು, 1936ರಲ್ಲಿ ಹೊರಬಂದ ಆ ಮಹಾಗ್ರಂಥವನ್ನು, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನೆಲ್ಲ ಜಾಲಾಡಿ ತಂದು, “ಚಿ. ಪುಟ್ಟಿಗೆ, ಆಕೆಯ ಹತ್ತನೆಯ ವಯಸ್ಸಿನಲ್ಲಿ ಓದಲು” ಎಂದು ಬರೆದು ಕೊಟ್ಟರು. ಅಲ್ಲಿಯವರೆಗೆ ಅವು ವ್ಯರ್ಥವಾಗಲಿಲ್ಲ. ಕುರ್ಚಿಯ ಮೇಲೆ ಮೂರನ್ನೂ ಪೇರಿಸಿ ಪುಟ್ಟಿಯನ್ನು ಕೂರಿಸಿದರೆ ಊಟದ ಮೇಜು ಸರಿಯಾಗಿ ನಿಲುಕುತ್ತದೆ. ಮೂರನೆಯ ವರ್ಷದ ಮರದ ಗಡಿಯಾರದ ಕಥೆ ಇನ್ನೂ ಸ್ವಾರಸ್ಯವಾದುದು. ಅಂಕೆಗಳನ್ನು ಬಿಚ್ಚಿ ಜೋಡಿಸಬಹುದಾದ ಆ ಸುಂದರ ವಸ್ತುವಿನೊಡನೆ ಆಡಿದ ಏಕೈಕ ವ್ಯಕ್ತಿಯೆಂದರೆ ಮಾವನವರೇ, ಭಾನುವಾರದ ಮಧ್ಯಾಹ್ನಗಳಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಒಂಬತ್ತನ್ನು ಆರರ ಸ್ಥಾನದಲ್ಲಿಟ್ಟು, “ನೋಡು ಪುಟ್ಟಿ, ತಪ್ಪು ಎಲ್ಲಿದೆ?” ಎಂದು ಕೇಳಿ, ಬಹಳ ಹೊತ್ತು ಕಾದು, ತಾವೇ ತಿದ್ದುತ್ತಿದ್ದರು.

ಐದನೆಯ ಹುಟ್ಟುಹಬ್ಬವು ಈ ಸಾಹಸಗಳಿಗೆಲ್ಲ ಕಳಶಪ್ರಾಯವಾದುದು. ಮೊದಲಿಗೆ ದಿನದ ಪ್ರಶ್ನೆಯೇ ಇತ್ಯರ್ಥವಾಗಬೇಕಾಯಿತು. ಅಜ್ಜಿಯ ಪ್ರಕಾರ ಹುಟ್ಟಿದ ಹಬ್ಬವೆಂದರೆ ತಿಥಿಯಂದು ಎಣ್ಣೆ ನೀರು, ಆರತಿ, ಹೋಳಿಗೆ. ತಾಯಿತಂದೆಯರ ಪ್ರಕಾರ ಇಂಗ್ಲಿಷ್ ತಾರೀಖಿನಂದು ಕೇಕು. ಮಾವನವರು ಪಂಚಾಂಗವನ್ನೂ ಗೋಡೆಯ ಕ್ಯಾಲೆಂಡರನ್ನೂ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ, ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದಾದ ಕಾರಣ, ಅಧಿಕಮಾಸಗಳ ಹೊಂದಾಣಿಕೆಯಾಗಿ ತಿಥಿಯೂ ತಾರೀಖೂ ಮರಳಿ ಕೂಡುವುದು 19 ವರ್ಷಗಳಿಗೊಮ್ಮೆಯೆಂದು ಸಾರಿದರು. ಪುಟ್ಟಿಯ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಬ್ಬರ ಇಷ್ಟವೂ ಏಕಕಾಲಕ್ಕೆ ನೆರವೇರುವುದೆಂದು ಅವರು ಸಮಾಧಾನ ಹೇಳಿದಾಗ, “ಅಷ್ಟರಾಗ ಅಕೀ ಮದವೀನ ಬಂದಿರ್ತದ” ಎಂದು ಅಜ್ಜಿ ಹೋಳಿಗೆಗೆ ಬೇಳೆ ಅಳೆಯಲು ಎದ್ದರು. ಎರಡು ದಿನವೂ ಹಬ್ಬವಾಯಿತು.

ತರುವಾಯದ್ದು ದೀಪದ ವ್ಯಾಜ್ಯ. ಶುಭದಿನದಂದು ಉರಿಯುವ ದೀಪವನ್ನು ಆರಿಸುವುದುಂಟೇ, ಅದೂ ಎಂಜಲ ಬಾಯಿಯಿಂದ ಊದಿ, ಎಂಬ ಅಜ್ಜಿಯ ಆಕ್ಷೇಪಣೆ ಬಹುಕಾಲದ್ದು. ಮಾವನವರಿಗೆ ಇಲ್ಲಿ ಅನಿರೀಕ್ಷಿತವಾಗಿ ವಿಜ್ಞಾನದ ಬೆಂಬಲ ದೊರೆಯಿತು: ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನೇ ಪರೀಕ್ಷಿಸಿ, ಮೇಣದಬತ್ತಿ ಊದಿದ ಮೇಲೆ ಕೇಕಿನ ಲೇಪದ ಮೇಲಣ ಬ್ಯಾಕ್ಟೀರಿಯಾಗಳು ಹಲವು ಪಟ್ಟು ಹೆಚ್ಚುತ್ತವೆಂದು ಕಂಡುಕೊಂಡಿದ್ದರು. ಎಂಜಲೆಂದು ತಾವು ಹೇಳಿದ್ದಕ್ಕೆ ಅಷ್ಟು ದೂರದವರ ಸಾಕ್ಷಿ ಏಕೆ ಬೇಕಿತ್ತೆಂದು ಅಜ್ಜಿಗೆ ಕಡೆಗೂ ತಿಳಿಯಲಿಲ್ಲ. ಕೇಕು ಒಂದು ಮೇಜಿನ ಮೇಲೆ, ಬತ್ತಿಗಳು ಮರಳು ತುಂಬಿದ ತಟ್ಟೆಯಲ್ಲಿ ಮಾರು ದೂರದ ಸ್ಟೂಲಿನ ಮೇಲೆ ಎಂದು ರಾಜಿಯಾಯಿತು.

ಬಂದ ಮಕ್ಕಳಿಗೆ ಕೊಡುವ ಮರುಕಾಣಿಕೆಗಾಗಿ ಮಾವನವರು ಸ್ವತಃ ಚನ್ನಪಟ್ಟಣಕ್ಕೆ ಹೋದರು. ಮೈಸೂರು ಮಾರ್ಗದಲ್ಲಿ ಅರವತ್ತು ಕಿಲೋಮೀಟರ್ ಹೋಗಿ ಬುಗುರಿ ತರುವ ಬದಲು ಮನೆಯ ಹಿಂದಣ ಅಂಗಡಿಯಲ್ಲಿಯೇ ಪೆನ್ಸಿಲ್ ಡಬ್ಬಿ ಕೊಳ್ಳಬಹುದಿತ್ತೆಂದು ಭಾವನವರು ಗೊಣಗಿದ್ದುಂಟು. ನನ್ನ ಮಟ್ಟಿಗೆ ಮಾವನವರ ಯೋಜನೆಗಳಲ್ಲೆಲ್ಲ ಇದೊಂದು ನಿರ್ದುಷ್ಟವಾದುದು. ಹದವಾಗಿ ಒಣಗಿದ ಆಲೆಮರದ ತುಂಡು ಯಂತ್ರಕ್ಕೆ ಸಿಕ್ಕಿ ಗಿರ್ರನೆ ತಿರುಗುತ್ತಿರಲು, ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ತಬ್ಬುತ್ತದೆ. ಅನಂತರ ಒಣಗಿದ ತಾಳೆಗರಿಯಿಂದ ತೀಡಿದನೆಂದರೆ ಮುಖ ಕಾಣುವ ಮಿರುಗು. ಮಾವನವರು ಇದನ್ನೆಲ್ಲ ಕಣ್ತುಂಬ ನೋಡಿ, ಬುಗುರಿಯನ್ನು ಮೂಸಿ, ತಿರುಗಿಸಿ, ಐಎಸ್ಐ ಮುದ್ರೆ ಎಲ್ಲಿ ಎಂದು ಕೇಳಿದರು. 2021ರ ಜನವರಿಯಿಂದ ಆಟಿಕೆಗಳಿಗೆ ಆ ಮುದ್ರೆ ಕಡ್ಡಾಯವೆಂಬುದು ಅವರ ಪುಸ್ತಕದಲ್ಲಿತ್ತು. ನೋಂದಾಯಿತ ಕರಕುಶಲಿಗರಿಗೆ ವಿನಾಯಿತಿಯಿದೆಯೆಂಬುದು ಅಂಗಡಿಯವನ ನಾಲಗೆಯ ತುದಿಯಲ್ಲಿತ್ತು. ಡಬ್ಬಿಯ ಪರೀಕ್ಷೆಯಲ್ಲಿ ಬುಗುರಿ ತೇರ್ಗಡೆಯಾದ ಮೇಲೆಯೇ ಹಣ ಹೊರಬಂದದ್ದು.

ಅತಿಥಿಗಳ ಸಂಖ್ಯೆಯು ಮಗುವಿನ ವಯಸ್ಸನ್ನು ಮೀರಬಾರದು, ಅಂದರೆ ಐವರು ಸಾಕು ಎಂಬುದು ಅವರು ಎಲ್ಲಿಯೋ ಓದಿದ ನಿಯಮ. ಬಹುಮಹಡಿಯ ಕಟ್ಟಡದಲ್ಲಿ ಐವರನ್ನು ಕರೆಯುವುದೆಂದರೆ ಉಳಿದ ಇಪ್ಪತ್ತು ಮನೆಗಳೊಡನೆ ಲಿಫ್ಟಿನಲ್ಲಿ ಮಾತು ಬಿಡುವುದೆಂದೇ ಅರ್ಥ. ಎಲ್ಲರೂ ಬಂದರು. ಗೋಡೆಗೆ ಕಾರ್ಯಕ್ರಮದ ಪಟ್ಟಿ ಅಂಟಿಸಿತ್ತು. ಸೋತವರ ಮನಸ್ಸು ಮುದುಡುವುದೆಂಬ ಕಾರಣಕ್ಕೆ ಕುರ್ಚಿಯಾಟವನ್ನು ರದ್ದುಪಡಿಸಿ, ಅದರ ಬದಲು ಪ್ರಾಸಬದ್ಧವಾದ ಸುಳಿವುಗಳನ್ನು ಚೀಟಿಗಳಲ್ಲಿ ಬರೆದು ನಿಧಿಶೋಧವನ್ನು ಏರ್ಪಡಿಸಲಾಗಿತ್ತು. ಬಂದವರಲ್ಲಿ ಬಹುತೇಕರಿಗೆ ಇನ್ನೂ ಓದಲು ಬರುವುದಿಲ್ಲವೆಂಬ ಅಂಶ ಮೊದಲನೆಯ ಚೀಟಿ ತೆರೆದಾಗ ಬೆಳಕಿಗೆ ಬಂತು. ತಾಯಂದಿರು ಓದುತ್ತ ನಿಧಿಯ ಬೆನ್ನುಹತ್ತಿದರು. ಮಕ್ಕಳು ಬಾಗಿಲ ಬಳಿಯ ಚಪ್ಪಲಿ ರಾಶಿಯನ್ನು ಕಂಡುಹಿಡಿದರು. ಅಲ್ಲಿ ನಡೆದ ಸಂಭ್ರಮವನ್ನು ಏನೆಂದು ಬಣ್ಣಿಸಲಿ! ಒಬ್ಬನ ಎಡಗಾಲಿಗೆ ಮತ್ತೊಬ್ಬಳ ನಸುಗೆಂಪು ಚಪ್ಪಲಿ, ಬಲಗಾಲಿಗೆ ನನ್ನ ಬೂಟು. ಹುಟ್ಟುಹಬ್ಬದ ಒಡತಿಯೇ ತಂದೆಯ ಚರ್ಮದ ಚಡಾವುಗಳನ್ನು ಕೈಗಳಿಗೆ ತೊಟ್ಟು ಆನೆಯ ನಡಿಗೆ ನಡೆಯುತ್ತಿದ್ದಳು. ಪಟ್ಟಿಯಲ್ಲಿ “ಸ್ವಚ್ಛಂದ ಕ್ರೀಡೆ, 10 ನಿಮಿಷ” ಎಂದಿದ್ದುದು ಒಂದು ಗಂಟೆಗೆ ವಿಸ್ತರಿಸಿತು. ಮಾವನವರು ಗಡಿಯಾರ ನೋಡುತ್ತ, ಡಬ್ಬಿ ಹಿಡಿದುಕೊಂಡು, ಬಕಲುಗಳ ಅಳತೆಯ ಚಿಂತೆಯಲ್ಲಿ ನಿಂತಿದ್ದರು.

ಬತ್ತಿ ಹೊತ್ತಿಸಿದರು. ಪುಟ್ಟಿಯು ಕೇಕಿನ ಕಡೆಗೂ ಸ್ಟೂಲಿನ ಕಡೆಗೂ ನೋಡಿ, ಯಾವುದು ಮೊದಲೆಂದು ನಿಶ್ಚಯಿಸುವ ಮೊದಲೇ ಕೆಳಮನೆಯ ಹುಡುಗನೊಬ್ಬ ಐದನ್ನೂ ಒಂದೇ ಉಸಿರಿಗೆ ಆರಿಸಿದನು. ಅಳು ಮುಗಿದು, ಮತ್ತೆ ಹೊತ್ತಿಸಿ, ಈ ಸಲ ಹುಡುಗನ ಬಾಯಿಯನ್ನು ಅವನ ತಾಯಿ ಮುಚ್ಚಿಕೊಂಡಿರಲಾಗಿ, ಕಾರ್ಯ ನೆರವೇರಿತು. ಎಲ್ಲರೂ ಆ ಸುಪ್ರಸಿದ್ಧ ಹಾಡನ್ನು ಹಾಡಿದರು. 1893ರಲ್ಲಿ ಅಮೆರಿಕದ ಹಿಲ್ ಸೋದರಿಯರು ಶಾಲೆಯ ಮಕ್ಕಳ ಮುಂಜಾನೆಯ ವಂದನೆಗೆಂದು ಪ್ರಕಟಿಸಿದ ಧಾಟಿ ಅದೆಂದು ಮಾವನವರು ಹೇಳತೊಡಗಿದ್ದು ಯಾರಿಗೂ ಕೇಳಿಸಲಿಲ್ಲ; ಎಲ್ಲರ ಬಾಯಲ್ಲಿಯೂ ಕೇಕು, ಎಲ್ಲರ ನಾಲಗೆಯೂ ಗಾಢ ನೀಲಿ.

ಎಲ್ಲರೂ ಚದುರಿದ ಮೇಲೆ, ಬುಗುರಿಗಳಲ್ಲಿ ಉಳಿದ ಒಂದನ್ನು ಅಂಗೈಯಲ್ಲಿ ಆಡಿಸುತ್ತ ಕುಳಿತಿದ್ದ ಅವರನ್ನು ಪುಟ್ಟಿ ಕೇಳಿದಳು: “ಮಾಮಾ, ನಿನ್ನ ಹುಟ್ಟುಹಬ್ಬ ಯಾವಾಗ?” ಸಮಸ್ತರ ಜನ್ಮದಿನಗಳನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡ ಮಹಾಶಯರು ಇದಕ್ಕೆ ತಡವರಿಸಿದರು. ಶಾಲೆಯ ದಾಖಲೆಯಂತೆ ಜೂನ್ 1. ಆದರೆ ಹೆಡ್‌ಮಾಸ್ತರರ ಕೃಪೆಯಿಂದ ನಮ್ಮ ತಲೆಮಾರಿನ ಅರ್ಧ ನಾಡೇ ಅಂದು ಹುಟ್ಟಿದೆ. ಅಜ್ಜಿ ಒಳಗಿನಿಂದಲೇ, “ಕಾರಹುಣ್ಣಿವಿ ಆಗಿ ಮೂರನೇ ದಿನಾ. ಎತ್ತಿನ ಕೋಡಿನ ಬಣ್ಣ ಇನ್ನಾ ಹೋಗಿದ್ದಿಲ್ಲ” ಎಂದರು. ಯಾವ ವರ್ಷ? “ಮಾಳಗಿ ಸೋರಿದ ವರ್ಷ.” ಅದು ಪ್ರತಿವರ್ಷವೂ ಸೋರುತ್ತಿತ್ತಂತೆ.

ದಿನ ಗೊತ್ತಿಲ್ಲದ ಮೇಲೆ ಈ ದಿನವೇ ಆಗಬಹುದೆಂದು ತೀರ್ಮಾನಿಸಿ, ಪುಟ್ಟಿ ಒಳಗೆ ಹೋಗಿ ವೃತ್ತಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ತಂದಿಟ್ಟಳು. ಬಿಚ್ಚಿದರೆ, ಮರದ ಗಡಿಯಾರ. “ನಿನಗೆ ತುಂಬಾ ಇಷ್ಟ ಅಲ್ವಾ” ಎಂದಳು. ಮಾವನವರು ಒಂದು ಮಾತನ್ನೂ ಆಡದೆ, ಅಭ್ಯಾಸಬಲದಿಂದ ಒಂಬತ್ತರ ಅಂಕೆಯನ್ನು ತೆಗೆದು ಆರರ ಜಾಗದಲ್ಲಿ ಇಡಹೋದರು. ಪುಟ್ಟಿ ಅವರ ಕೈಯನ್ನು ತಡೆದು, ಗಂಭೀರವಾಗಿ, ನೀನು ಈಗಲೂ ಸಣ್ಣ ಸಣ್ಣ ವಸ್ತುಗಳನ್ನು ಬಾಯಲ್ಲಿಟ್ಟುಕೊಳ್ಳುತ್ತೀಯೋ ಎಂದು ವಿಚಾರಿಸಿದಳು. ಸತ್ಯವಂತರಾದ ಅವರು ಜೇಬಿನಿಂದ ಅಡಿಕೆಯೊಂದನ್ನು ತೆಗೆದು ತೋರಿಸಿದರು. ಪುಟ್ಟಿ ಅದನ್ನು ಕರಿಯ ಡಬ್ಬಿಯ ಬಾಯಿಗೆ ಹಿಡಿದಳು; ಟಣ್ಣೆಂದು ತಳಕ್ಕೆ ಬಿತ್ತು. ಮಾವನವರು ಕೈನೀಡಿದರು. ಆಕೆ ಮುಚ್ಚಳವನ್ನು ಬಿಗಿಯಾಗಿ ಒತ್ತಿ, ಡಬ್ಬಿಯನ್ನು ಕಪಾಟಿನ ಮೇಲಣ ಅಂತಸ್ತಿಗೆ ಇಡುವಂತೆ ತಂದೆಗೆ ಕೊಟ್ಟಳು.