ಪೆಂಗ್ವಿನಪ್ಪನ ಆಟ

ಪೆಂಗ್ವಿನಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಲ್ಯಾಪ್‌ಟಾಪಿನ ಬೆನ್ನಿಗೆ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಲಾಂಛನವಾದ ಪೆಂಗ್ವಿನ್ ಹಕ್ಕಿಯ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುವುದರಿಂದ ಸಹೋದ್ಯೋಗಿಗಳು ಹಿಂದಿನಿಂದ ಕರೆಯುವ ಹೆಸರು. ಬೆಂಗಳೂರಿನ ಯಾವ ಐಟಿ ಕಚೇರಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಕ್ಯಾಂಟೀನಿನಲ್ಲಿ ಯಾರಾದರೂ ಬಾಯಿತಪ್ಪಿ ‘ಲಿನಕ್ಸ್‌ನಲ್ಲಿ ಗೇಮ್ಸ್ ಆಡೋಕೆ ಆಗಲ್ವಂತೆ’ ಅಂದರೆ ಮುಗಿಯಿತು. ಕೈಯಲ್ಲಿದ್ದ ಕಾಫಿ ಆರಿ ಕೆನೆಗಟ್ಟಿ, ಮೀಟಿಂಗಿನ ಹೊತ್ತು ಮೀರಿದರೂ ಅವರು ಬಿಡುವುದಿಲ್ಲ.

ಭಾಷಣ 1993ರಿಂದ ಶುರುವಾಗುತ್ತದೆ. ವೈನ್ ಎಂಬ ತಂತ್ರಾಂಶಕ್ಕೆ ಕೈಹಚ್ಚಿದ್ದು ಆ ವರ್ಷ. ವಿಂಡೋಸ್‌ಗೆಂದು ಬರೆದ ಪ್ರೋಗ್ರಾಂ ಏನೇನು ಕೇಳುತ್ತದೋ ಅದನ್ನೆಲ್ಲ ಲಿನಕ್ಸಿಗೆ ತಿಳಿಯುವ ಹಾಗೆ ಬದಲಿಸಿ ಒಪ್ಪಿಸುವುದು ಅದರ ಕೆಲಸ. 1.0 ಆವೃತ್ತಿ ಹೊರಬರುವಷ್ಟರಲ್ಲಿ 2008 ಬಂದಿತ್ತು. ‘ಅವಸರ ಮಾಡಿ ಕೆಲಸ ಕೆಡಿಸೋರಲ್ಲ ನಾವು’ ಅನ್ನುತ್ತಾರೆ ಪೆಂಗ್ವಿನಪ್ಪ. ಆ ಹದಿನೈದು ವರ್ಷಗಳಲ್ಲಿ ಅವರು ವೈನ್‌ಗಾಗಿ ಒಂದು ಸಾಲನ್ನೂ ಬರೆದವರಲ್ಲ. ಆದರೂ ‘ನಾವು’ ಅನ್ನಲು ಅಡ್ಡಿಯೇನಿಲ್ಲ. ಕ್ರಿಕೆಟ್ ಗೆದ್ದಾಗ ನಾವೆಲ್ಲ ಅನ್ನುತ್ತೇವಲ್ಲ.

ಅವರು ಆಟ ಆಡುವುದನ್ನು ನೋಡಬೇಕಾದರೆ ಶನಿವಾರ ರಾತ್ರಿ ಮನೆಗೆ ಹೋಗಬೇಕು. ಒಮ್ಮೆ ಸಹೋದ್ಯೋಗಿಯೊಬ್ಬ ‘ಎಲ್ಡನ್ ರಿಂಗ್’ ನೋಡಲೆಂದು ಹೋದ. ಮೊದಲು ಪ್ರವಚನ. 2022ರಲ್ಲಿ ಈ ಆಟ ಬಂದಾಗ ವಿಂಡೋಸ್ ಯಂತ್ರಗಳಲ್ಲೇ ಮುಗ್ಗರಿಸುತ್ತಿತ್ತು, ವಾಲ್ವ್ ಕಂಪನಿಯ ಎಂಜಿನಿಯರುಗಳು ಲಿನಕ್ಸ್ ಕಡೆಯಿಂದ ಅದನ್ನು ಸರಿಪಡಿಸಿಬಿಟ್ಟರು ಎಂಬ ಕಥೆ. ಕಥೆ ನಿಜವೇ. ಆಮೇಲೆ ಪರದೆಯ ಮೇಲೆ ‘ವಲ್ಕನ್ ಶೇಡರ್‌ಗಳ ಸಂಸ್ಕರಣೆ’ ಎಂಬ ಪಟ್ಟಿ ಮೂಡಿ, ಶೇಕಡಾವಾರು ಲೆಕ್ಕದಲ್ಲಿ ತೆವಳತೊಡಗಿತು. ಅದು ಮುಗಿದ ಮೇಲೆ ಪೆಂಗ್ವಿನಪ್ಪ ಆಟ ಶುರು ಮಾಡುತ್ತಾರೆ ಅಂದುಕೊಂಡರೆ, ಲಾಂಚ್ ಆಪ್ಷನ್ ತೆರೆದು ಗೇಮ್‌ಮೋಡ್‌ರನ್, ಮ್ಯಾಂಗೋಹಡ್, ಪ್ರೋಟಾನ್_ಲಾಗ್=1 ಎಂದು ಒಂದೊಂದೇ ಕುಟ್ಟುತ್ತ ಕುಳಿತರು. ಅತಿಥಿ ಅಷ್ಟರಲ್ಲಿ ಒಂದು ತಟ್ಟೆ ಖಾರದ ಅವಲಕ್ಕಿ ಮುಗಿಸಿದ್ದ.

ಕೊನೆಗೂ ಆಟ ತೆರೆಯಿತು. ಎದುರಿಗೆ ಕುದುರೆಯೇರಿದ ದೈತ್ಯನೊಬ್ಬ ಆಯುಧ ಬೀಸುತ್ತ ನುಗ್ಗಿ ಬರುತ್ತಿದ್ದಾನೆ. ಪೆಂಗ್ವಿನಪ್ಪನ ಕಣ್ಣು ಮಾತ್ರ ಎಡಮೂಲೆಯಲ್ಲಿ, ಮ್ಯಾಂಗೋಹಡ್ ತೋರಿಸುವ ಅಂಕಿಗಳ ಮೇಲೆ: ಫ್ರೇಮ್ ಎಷ್ಟು, ಪ್ರೊಸೆಸರಿನ ಬಿಸಿ ಎಷ್ಟು. ದೈತ್ಯ ಒಂದೇ ಏಟಿಗೆ ಕೆಡವಿದ. ‘ನೋಡಿದ್ರಾ! ಸಾಯೋವಾಗ್ಲೂ ಅರವತ್ತು ಫ್ರೇಮು!’ ಎಂದು ಕುರ್ಚಿಯಿಂದ ಎದ್ದರು. ಆಟ ಅಲ್ಲಿಗೆ ಮುಗಿಯಿತು. ಉಳಿದ ರಾತ್ರಿ, ಯಾವ ಆಟ ಲಿನಕ್ಸಿನಲ್ಲಿ ಹೇಗೆ ಓಡುತ್ತದೆಂದು ಬಳಕೆದಾರರು ದಾಖಲಿಸುವ ಪ್ರೋಟಾನ್‌ಡಿಬಿ ತಾಣಕ್ಕೆ ವರದಿ ಬರೆಯುವುದರಲ್ಲಿ ಕಳೆಯಿತು.

ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಹಳೆಯ ಯೆಜ್ದಿ ಬೈಕನ್ನು ಭಾನುವಾರವಿಡೀ ಬಿಚ್ಚಿ, ಒರೆಸಿ, ಜೋಡಿಸಿ, ಒಮ್ಮೆ ಗುಡುಗುಡು ಅನ್ನಿಸಿ ಮತ್ತೆ ಶೆಡ್ಡಿಗೆ ತಳ್ಳುವ ಯಜಮಾನರಿದ್ದಾರಲ್ಲ, ಪೆಂಗ್ವಿನಪ್ಪನೂ ಅದೇ ಜಾತಿ. ಆಟವನ್ನು ಓಡಿಸುವುದೇ ಅವರಿಗೆ ಆಟ. ಆಡುವುದೆಲ್ಲ ಹುಡುಗರ ಕೆಲಸ.

ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಅವರ ಪರಿಚಯ ಎಲ್ಲರಿಗೂ ಇದೆ. ಗ್ರಾಫಿಕ್ಸ್ ಕಾರ್ಡಿನ ಬೆಲೆಗಿಂತ ಮೊದಲು ಡ್ರೈವರ್ ಮುಕ್ತವೋ ಅಲ್ಲವೋ ಎಂದು ಕೇಳುವ ಗಿರಾಕಿ ಇವರೊಬ್ಬರೇ. ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ವಿಶ್ವವಿದ್ಯಾಲಯವೊಂದರ ವೇದಿಕೆಯಿಂದ, ಲಿನಕ್ಸಿಗೆ ಸಹಕರಿಸುತ್ತಿಲ್ಲವೆಂದು, ಎನ್‌ವಿಡಿಯಾ ಕಂಪನಿಗೆ ಮಧ್ಯದ ಬೆರಳು ತೋರಿಸಿದ ಚಿತ್ರ ಅವರ ಮನೆಯ ಕಂಪ್ಯೂಟರಿನ ವಾಲ್‌ಪೇಪರ್. ಅತ್ತೆ ಮಾವ ಬಂದಾಗ ಮಾತ್ರ ಅದು ಜೋಗದ ಜಲಪಾತವಾಗುತ್ತದೆ.

ಇಂಥ ನೆಮ್ಮದಿಯ ಬದುಕಿಗೆ ಕಲ್ಲು ಹಾಕಿದ್ದು ವಾಲ್ವ್. ಅವರ ಸ್ಟೀಮ್ ಎಂಬ ಆಟದಂಗಡಿ 2013ರಲ್ಲೇ ಲಿನಕ್ಸಿಗೆ ಬಂದಿತ್ತು, 2015ರ ಅವರ ಆಟದ ಪೆಟ್ಟಿಗೆಗಳಾದ ಸ್ಟೀಮ್ ಮಷಿನ್‌ಗಳು ಮಕಾಡೆ ಮಲಗಿದ್ದವು. ಅಲ್ಲಿಯವರೆಗೆ ಕಷ್ಟಕ್ಕೆ ಕೊರತೆಯಿರಲಿಲ್ಲ. 2018ರ ಆಗಸ್ಟಿನಲ್ಲಿ ಪ್ರೋಟಾನ್ ಬಂತು. ವೈನ್ ಅನ್ನೇ ಆಟಗಳಿಗೆ ಹದಗೊಳಿಸಿ, ಡೈರೆಕ್ಟ್‌ಎಕ್ಸ್ ಗ್ರಾಫಿಕ್ಸ್ ಆದೇಶಗಳನ್ನು ಲಿನಕ್ಸಿಗೆ ತಿಳಿಯುವ ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆಯನ್ನು ಜೊತೆಗೆ ಸೇರಿಸಿ ಸ್ಟೀಮಿನೊಳಗೇ ಇಟ್ಟುಬಿಟ್ಟರು. ಗುಂಡಿ ಒತ್ತಿದರೆ ಆಟ ಓಡುತ್ತದೆ. 2022ರಲ್ಲಿ ಸ್ಟೀಮ್ ಡೆಕ್ ಎಂಬ ಕೈಯಾಟಿಕೆ ಹೊರಟಾಗ ಅದರ ಒಳಗಿದ್ದುದೂ ಲಿನಕ್ಸೇ.

ಕಚೇರಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಅಮೆರಿಕದ ಚಿಕ್ಕಪ್ಪನಿಂದ ಆ ಡೆಕ್ ತರಿಸಿಕೊಂಡ. ಪೆಂಗ್ವಿನಪ್ಪ ಹತ್ತಿರ ಕುಳಿತು ವಾತ್ಸಲ್ಯದಿಂದ ಕೇಳಿದರು: ‘ಯಾವ ಪ್ರೋಟಾನ್ ಹಾಕಿದ್ದೀಯಪ್ಪ?’

‘ಏನದು ಸಾರ್?’

ಅವತ್ತು ಅವರು ಮಧ್ಯಾಹ್ನದ ಊಟ ಮಾಡಲಿಲ್ಲ. ಈಗ ಪ್ರೋಟಾನ್‌ಡಿಬಿಯಲ್ಲಿ ಪ್ಲಾಟಿನಂ ದರ್ಜೆ ಪಡೆದ ಆಟಗಳನ್ನು ಅವರು ಮುಟ್ಟುವುದಿಲ್ಲ. ಬ್ರಾಂಜ್ ಸಿಕ್ಕಿದರೆ ಸಂತೋಷ, ಓಡುವುದೇ ಇಲ್ಲ ಎಂಬ ಕೊನೆಯ ದರ್ಜೆ ಸಿಕ್ಕಿದರೆ ಹಬ್ಬ.

ಅವರಿಗೂ ದಕ್ಕದ ಆಟಗಳಿವೆ. ರಜೆಗೆ ಬಂದ ಅಕ್ಕನ ಮಗ ‘ಮಾಮ, ವ್ಯಾಲರಂಟ್ ಹಾಕು’ ಅಂದ. ಆ ಆಟದಲ್ಲಿ ಮೋಸ ತಡೆಯುವ ಕಾವಲುಗಾರ ತಂತ್ರಾಂಶ ವ್ಯಾನ್‌ಗಾರ್ಡ್ ವಿಂಡೋಸಿನ ತಿರುಳಾದ ಕರ್ನಲ್ ಮಟ್ಟದಲ್ಲೇ ಕೂರುತ್ತದೆ. ಲಿನಕ್ಸಿಗೆ ಅದು ಬಂದಿಲ್ಲ. ಮೊದಲು ಸಲೀಸಾಗಿ ಓಡುತ್ತಿದ್ದ ಅಪೆಕ್ಸ್ ಲೆಜೆಂಡ್ಸ್ ಕೂಡ 2024ರಲ್ಲಿ ಮೋಸಗಾರರ ಕಾಟವೆಂದು ಲಿನಕ್ಸ್‌ನವರನ್ನು ಹೊರಗಟ್ಟಿತು. ‘ಆಟಕ್ಕೆ ಕರ್ನಲ್‌ನಲ್ಲೇನು ಕೆಲಸ? ಬಾಡಿಗೆಗೆ ಬಂದವನು ದೇವರಮನೆ ಬೀಗದ ಕೈ ಕೇಳ್ತಾನಾ?’ ಎಂದು ಗುಡುಗಿ, ಪೆಂಗ್ವಿನ್ ಗಾಡಿ ಓಡಿಸುವ ಸೂಪರ್‌ಟಕ್ಸ್‌ಕಾರ್ಟ್ ತೆರೆದುಕೊಟ್ಟರು. ಹುಡುಗ ಒಂದು ಸುತ್ತು ಓಡಿಸಿ, ಸೋಫಾದ ಮೂಲೆಗೆ ಸರಿದು ಮೊಬೈಲಿನಲ್ಲಿ ಗುಂಡು ಹಾರಿಸತೊಡಗಿದ. ಸೋತರೇ ಪೆಂಗ್ವಿನಪ್ಪ? ‘ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸ್ ಕರ್ನಲ್ಲೇ ಕಣೋ!’

ಮಡದಿಗೆ ಮಾತ್ರ ಗೊತ್ತಿರುವ ಗುಟ್ಟೊಂದಿದೆ. ಕಂಪ್ಯೂಟರ್ ಹೊತ್ತಿಕೊಳ್ಳುವಾಗ ಮೂಡುವ ಕಪ್ಪು ಪಟ್ಟಿಯ ತಳದಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಸಾಲು ಇಂದಿಗೂ ಇದೆ. ಅದು ಡಿಜಿಟಲ್ ಸಹಿಗೆ ಅಂತ ಅವರ ವಿವರಣೆ. ರಾತ್ರಿ ಹನ್ನೊಂದರ ಮೇಲೆ ಅಷ್ಟೊಂದು ಸಹಿ ಯಾಕೆ ಬೇಕೋ, ಅವರು ಹೇಳಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಅದೇ ತಿಂಗಳು ಸ್ಟೀಮಿನ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವವರ ಪಾಲು ಶೇಕಡಾ 3 ದಾಟಿತು. ಪೆಂಗ್ವಿನಪ್ಪ ಕಚೇರಿಗೆಲ್ಲ ಮೈಸೂರು ಪಾಕ್ ಹಂಚಿದರು. ನಿಮ್ಮ ಮನೆಯಲ್ಲಿ ವ್ಯಾಲರಂಟ್, ಫೋರ್ಟ್‌ನೈಟ್ ಆಡುವ ಮಕ್ಕಳಿಲ್ಲದಿದ್ದರೆ ಅವರ ಮಾತು ಕೇಳಿ ನಷ್ಟವೇನಿಲ್ಲ. ಹಳೆಯ ಲ್ಯಾಪ್‌ಟಾಪ್ ಇದೆಯೆಂದು ಮಾತ್ರ ಅವರ ಎದುರು ಬಾಯಿಬಿಡುವ ಮುನ್ನ ಆ ವಾರಾಂತ್ಯ ಬಿಡುವಿದೆಯೇ ನೋಡಿಕೊಳ್ಳಿ. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಅವರ ಜೇಬಿನಲ್ಲೇ ಇರುತ್ತದೆ.