ಒಂದೆಲಗ: ಒಂದು ಸಾಂಸ್ಕೃತಿಕ ಮುಖಾಮುಖಿ

1. ಪ್ರಸ್ತಾವನೆ

ಪ್ರಸ್ತುತ ಸಂಪ್ರಬಂಧವು ಬೇಲೂರು, ಹಳೇಬೀಡು, ಅರಸೀಕೆರೆಗಳ ಹಿತ್ತಲುಗಳಲ್ಲಿ ನೆಲಕಚ್ಚಿ ಬಾಳುವ ಒಂದೆಲಗವನ್ನು ದೇಸಿ ಜ್ಞಾನಮೀಮಾಂಸೆಯ ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿಟ್ಟು, ಅದರ ಅಂಚೀಕರಣದ ಸಂಕಥನವನ್ನು ನಿರಚನೆಗೊಳಪಡಿಸುವ ಆಶಯ ಹೊಂದಿದೆ. ಅಂದರೆ, ಬಚ್ಚಲ ಹಿಂದಿನ ಸೊಪ್ಪಿನ ಬಗ್ಗೆ. ಹೀಗೆ ಬಿಡಿಸಿ ಹೇಳಿದರೆ ಪ್ರಯಾಣಭತ್ಯೆ ಸಿಗುವುದಿಲ್ಲವಾದ್ದರಿಂದ ಮುಂದೆ ಹೇಳಲಾಗುವುದಿಲ್ಲ.

2. ನಾಮಮೀಮಾಂಸೆ

ಹಬ್ಬುವ ಬಳ್ಳಿ, ಗೆಣ್ಣಿನಿಂದೇಳುವ ಒಂದೊಂದು ತೊಟ್ಟಿಗೂ ಒಂದೇ ಎಲೆ. ಅದಕ್ಕೇ ಒಂದೆಲಗ ಎಂಬುದು ಹೆಂಗಸರ ವಿವರಣೆ. ಇಷ್ಟು ಸುಲಭವಾಗಿ ಅರ್ಥವಾಗುವುದನ್ನು ವಿದ್ವತ್ತು ಒಪ್ಪದು. ಸಂಸ್ಕೃತದಲ್ಲಿ ಮಂಡೂಕಪರ್ಣಿ, ತುಳುವಿನಲ್ಲಿ ತಿಮರೆ. ಲಿನ್ನೇಯಸ್ 1753ರಲ್ಲಿ ಹೈಡ್ರೊಕಾಟೈಲ್ ಏಷ್ಯಾಟಿಕ ಎಂದ. 1879ರಲ್ಲಿ ಅರ್ಬನ್ ಅದನ್ನು ಸೆಂಟೆಲ್ಲಾ ಏಷ್ಯಾಟಿಕ ಎಂದು ಬದಲಿಸಿದ. ಕೊತ್ತಂಬರಿಯ ಕುಟುಂಬ. ನಮ್ಮವರು ಇದನ್ನೇ ಬ್ರಾಹ್ಮಿ ಎನ್ನುತ್ತಾರೆ. ಕೇರಳದ ವೈದ್ಯರಿಗೆ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ, ಬೇರೆಯೇ ಗಿಡ. ಈ ಗೊಂದಲವೊಂದೇ ಎರಡು ದಿನಗಳ ವಿಚಾರಸಂಕಿರಣಕ್ಕೆ ಸಾಕು. ಸಮಾರೋಪದ ಹೊತ್ತಿಗೆ ಗೊಂದಲ ಇನ್ನೂ ಬೆಳೆದಿರುತ್ತದೆ.

3. ಶಿಲ್ಪಸಾಕ್ಷ್ಯ

ಹಳೇಬೀಡಿನ ಹೊಯ್ಸಳೇಶ್ವರ ಗುಡಿ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದರ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿಸುರುಳಿ. ಎಷ್ಟು ಪ್ರದಕ್ಷಿಣೆ ಹಾಕಿದರೂ ಒಂದೆಲಗ ಕಾಣಲಿಲ್ಲ. ಈ ಗೈರುಹಾಜರಿಯೇ ನಮ್ಮ ಪ್ರಬಲ ಆಧಾರ: ಅದು ಆನೆಗಳ ಕಾಲಡಿಯಲ್ಲಿತ್ತು; ತುಳಿತಕ್ಕೊಳಗಾದ್ದರಿಂದಲೇ ಕಾಣುತ್ತಿಲ್ಲ. ಹೀಗೆಂದಾಗ ಸಭೆ ತಲೆದೂಗಿತು.

4. ಪ್ರಾದೇಶಿಕ ವರ್ಗೀಕರಣ

(ಅ) ಆರ್ದ್ರಾತ್ಮಕ ಪ್ರಭೇದ: ಬೇಲೂರು. ಮಲೆನಾಡಿನ ಸೆರಗು. ಮಳೆಯೇ ಸಾಕುತ್ತದೆ. ನೆರಳಿದ್ದಲ್ಲಿ ಎಲೆ ಅಗಲ, ತೊಟ್ಟು ಉದ್ದ.

(ಆ) ಸಂಕ್ರಮಣಾತ್ಮಕ ಪ್ರಭೇದ: ಹಳೇಬೀಡು. ಬೇಲೂರಿನಿಂದ 16 ಕಿಲೋಮೀಟರ್. ಇಲ್ಲಿ ಯಾರಾದರೂ ಒಂದು ಚೊಂಬು ನೀರು ಹಾಕಬೇಕು.

(ಇ) ಸ್ಮೃತ್ಯಾತ್ಮಕ ಪ್ರಭೇದ: ಅರಸೀಕೆರೆ. ತೆಂಗು, ರಾಗಿಯ ಬಯಲುಸೀಮೆ. ಊರ ಹೆಸರಿನಲ್ಲೇ ಕೆರೆಯಿದೆ.

(ಈ) ನಾಲ್ಕನೆಯದು ಇಲ್ಲ. ಸಾಕು.

5. ಕ್ಷೇತ್ರಕಾರ್ಯ

ಅರಸೀಕೆರೆಯ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನ ಹಿತ್ತಲಿತ್ತು. ಬೂದಿ, ತೆಂಗಿನ ನಾರಿನಿಂದ ತಿಕ್ಕಿದ ಪಾತ್ರೆಯ ನೀರು ಕಲ್ಲಿನಿಂದಿಳಿದು ಹರಿಯುವಲ್ಲಿ, ಬಾಳೆಯ ನೆರಳಲ್ಲಿ, ಸುಡುಬೇಸಿಗೆಯಲ್ಲೂ ಒಂದೆಲಗದ ಹಸಿರು ಚಾಪೆ. ಒಮ್ಮೆ ‘ನೆಲಮೂಲ ಜ್ಞಾನ’ದ ಬಗ್ಗೆ ತಾಸುಗಟ್ಟಲೆ ಮಾತಾಡಿದ ವಿದ್ವಾಂಸರೊಬ್ಬರನ್ನು ಅಲ್ಲಿಗೆ ಊಟಕ್ಕೆ ಕರೆದೊಯ್ದಿದ್ದೆ. ಒಂದೆಲಗದ ತಂಬುಳಿಯನ್ನು ಮೂರು ಸಲ ಹಾಕಿಸಿಕೊಂಡರು. ಹಿತ್ತಲಲ್ಲಿ ಕೈ ತೊಳೆಯುತ್ತ, “ಅಮ್ಮಾ, ಈ ಬ್ರಾಹ್ಮಿ ಎಲ್ಲಿ ಸಿಗುತ್ತದೆ?” ಎಂದರು.

“ಕಾಲು ತೆಗೀರಿ ಸ್ವಾಮಿ” ಎಂದರು ದೊಡ್ಡಮ್ಮ.

ಅವತ್ತು ತುಳಿದದ್ದು ಎರಡೇ ದಿನಕ್ಕೆ ಚಿಗುರಿತು. ಹೇಗೆ ಬೆಳೆಸ್ತೀರಿ ಎಂದು ನಾನು ನೋಟ್‌ಬುಕ್ ತೆರೆದು ಕೇಳಿದರೆ, “ಬೆಳೆಸೋದೇನು ಬಂತಪ್ಪ? ನೀರು ಹೋಗೋ ಜಾಗ ಮುಚ್ಚಬ್ಯಾಡ, ಅದೇ ಬತ್ತದೆ” ಅಂದರು.

ಮುಚ್ಚಿದೆವು. ಅವರು ಹೋದ ಮೇಲೆ ನಾವೇ ಮುಚ್ಚಿದೆವು, ಯಾವ ವಸಾಹತುಶಾಹಿಯೂ ಅಲ್ಲ. ಕೆಸರಾಗುತ್ತದೆಂದು ಹಿತ್ತಲಿಗೆಲ್ಲ ಸಿಮೆಂಟು ಬಳಿಸಿದೆವು. ಸೋಪಿನಪುಡಿಯ ನೊರೆನೀರು ಪೈಪಿನಲ್ಲಿ ಚರಂಡಿಗೆ ಹೋಯಿತು. ಕೊಳವೆಬಾವಿ ಬತ್ತಿದಾಗ ಇನ್ನೊಂದು ಕೊರೆಸಿದೆವು. ಈಗ ಮೊಮ್ಮಕ್ಕಳಿಗೆ ಪರೀಕ್ಷೆ ಬಂದರೆ ಜ್ಞಾಪಕಶಕ್ತಿಗೆಂದು ಡಬ್ಬಿಯ ಬ್ರಾಹ್ಮಿ ಪುಡಿ ತರುತ್ತೇವೆ. ಮರೆತವರು ನಾವು, ಕುಡಿಯುವವರು ಮಕ್ಕಳು. ಇದಕ್ಕೆ ಅಂಚೀಕರಣ ಎಂಬ ಪದ ಬೇಕಿಲ್ಲ. ಸೋಮಾರಿತನ ಎಂಬ ಪದ ಇದೆ.

6. ಉಪಸಂಹಾರ

ಗೆಣ್ಣಿನಲ್ಲಿ ಬೇರುಬಿಟ್ಟ ಗೇಣುದ್ದ ಬಳ್ಳಿ ತನ್ನಿ. ಅರೆನೆರಳಲ್ಲಿ, ಗೊಬ್ಬರ ಬೆರೆಸಿದ ಮಣ್ಣಿಗೆ ಊರಿ. ಮಣ್ಣು ಒಣಗದಿರಲಿ. ಅಕ್ಕಿ ತೊಳೆದ ನೀರು ಹಾಕಿ, ಸೋಪಿನ ನೀರು ಬೇಡ. ಎಲೆಯನ್ನು ತೊಟ್ಟಿನ ಸಮೇತ ಚಿವುಟಿ, ಬೇರು ಕೀಳಬೇಡಿ. ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಕುಂಡದಲ್ಲೂ ಬರುತ್ತದೆ. ಆದರೆ ಹಿತ್ತಲಿದ್ದವರು ಒಂದು ಮೊಳ ನೆಲವನ್ನಾದರೂ ಸಿಮೆಂಟಿಲ್ಲದೆ ಬಿಡಿ.