ರ‍್ಯಾಮಿನ ಬಯೋಡೇಟಾ

ಅಕ್ಕನ ಮಗನಿಗೆ ಮೋಸವಾಗಿತ್ತು. ಸಣ್ಣಪುಟ್ಟ ಮೋಸವಲ್ಲ, ಬರೋಬ್ಬರಿ 1067 ಮೆಗಾಹರ್ಟ್ಸ್‌ನ ಮೋಸ.

ಎಸ್.ಪಿ. ರೋಡಿಗೆ ಹೋಗಿ, ನಾಲ್ಕಂಗಡಿ ಸುತ್ತಿ, ಚೌಕಾಸಿ ಮಾಡಿ, ಎಂಟೆಂಟು ಜಿಬಿಯ ಎರಡು ರ‍್ಯಾಮ್ ಸ್ಟಿಕ್ ತಂದಿದ್ದ. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 3200 ಎಂದಿತ್ತು. ಕಂಪ್ಯೂಟರಿಗೆ ಸಿಕ್ಕಿಸಿ ಟಾಸ್ಕ್ ಮ್ಯಾನೇಜರ್ ತೆಗೆದರೆ ಅಲ್ಲಿ ಕಂಡದ್ದು 2133. ನಾನು ಕಂಪ್ಯೂಟರ್ ಕಂಪನಿಯೊಂದರಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದವನು. ಆದ್ದರಿಂದ ನೆಂಟರ ಪೈಕಿ ಯಾರ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ, ಯಾರ ವಾಟ್ಸಾಪಿನಲ್ಲಿ ಫೋಟೋ ತೆರೆಯದಿದ್ದರೂ ಹೊಣೆ ನನ್ನದೇ. ಫೋನ್ ಬಂತು.

“ಮಾಮ, ನಂಗೆ ಟೋಪಿ ಹಾಕಿದಾರೆ.”

“ಯಾರೋ?”

“ಅಂಗಡಿಯವ್ರು. ಇಲ್ಲಾ ಕಂಪನಿಯವ್ರು. ಒಟ್ನಲ್ಲಿ ಯಾರೋ ಒಬ್ರು.”

ನಾನು ಅವರ ಮನೆ ತಲುಪುವಷ್ಟರಲ್ಲಿ ಪರಿಸ್ಥಿತಿ ಇನ್ನಷ್ಟು ಕೆಟ್ಟಿತ್ತು. ಒಂದು ಸಾಕ್ಷಿ ಸಾಲದೆಂದು ಅವನು ಸಿಪಿಯು-ಝಡ್ ಎಂಬ ಇನ್ನೊಂದು ತಂತ್ರಾಂಶ ಇಳಿಸಿಕೊಂಡಿದ್ದ. ಅದು 1066 ಎನ್ನುತ್ತಿತ್ತು. ಮೂರು ಸಾವಿರದ ಚಿಲ್ಲರೆ ಕೊಟ್ಟ ಹುಡುಗನ ಕೈಗೆ ಗಂಟೆಯೊಳಗೆ ಒಂದು ಸಾವಿರದ ಚಿಲ್ಲರೆ ಉಳಿದಿತ್ತು. ಮೂರನೆಯ ತಂತ್ರಾಂಶ ಹಾಕುವುದು ಬೇಡವೆಂದು ತಡೆದೆ.

ಈ ಎರಡನೆಯ ಕೊರತೆ ಕೊರತೆಯೇ ಅಲ್ಲ ಎಂದು ವಿವರಿಸುವುದು ಸುಲಭವೆಂದುಕೊಂಡಿದ್ದೆ. ಡಿಡಿಆರ್ ಎಂಬ ಹೆಸರಿನಲ್ಲೇ ‘ಡಬಲ್’ ಕೂತಿದೆ. ಹಳೆಯ ರ‍್ಯಾಮಿನಲ್ಲಿ ಗಡಿಯಾರದ ಒಂದು ಮಿಡಿತಕ್ಕೆ ಒಂದು ಸಲ ದತ್ತಾಂಶ ಸಾಗುತ್ತಿತ್ತು. 2000ದಲ್ಲಿ ಬಂದ ಡಿಡಿಆರ್ ಮಾನಕದಲ್ಲಿ ಮಿಡಿತ ಏರುವಾಗೊಮ್ಮೆ, ಇಳಿಯುವಾಗೊಮ್ಮೆ, ಹೀಗೆ ಎರಡು ಸಲ ಸಾಗತೊಡಗಿತು. ಗಡಿಯಾರ 1066 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಸಾಗಣೆ ಸೆಕೆಂಡಿಗೆ 213 ಕೋಟಿ ಸಲ. ಒಂದು ತಂತ್ರಾಂಶ ಗಡಿಯಾರ ನೋಡಿ ಹೇಳುತ್ತಿದೆ, ಇನ್ನೊಂದು ಸಾಗಣೆ ಎಣಿಸಿ ಹೇಳುತ್ತಿದೆ. ಸರಿಯಾಗಿ ಹೇಳುವುದಾದರೆ ಪೆಟ್ಟಿಗೆಯ 3200 ಕೂಡ ಮೆಗಾಹರ್ಟ್ಸ್ ಅಲ್ಲ, ಮೆಗಾಟ್ರಾನ್ಸ್‌ಫರ್. ನಿಜವಾದ ಗಡಿಯಾರ 1600.

“ಅಂದ್ರೆ, ಪೂರ್ತಿ ಕೊಟ್ಟಿದ್ರೂ ಅವ್ರು ಅರ್ಧಾನೇ ಕೊಡ್ತಿದ್ರು!”

ಸಮಾಧಾನ ಹೇಳಲು ಹೋಗಿ ನಾನು ಆರೋಪಪಟ್ಟಿಗೆ ಇನ್ನೊಂದು ಕಲಂ ಸೇರಿಸಿಕೊಟ್ಟಿದ್ದೆ.

ಉಳಿದದ್ದು ಮೊದಲ ಕೊರತೆ: 3200 ಹೇಗೆ 2133 ಆಯಿತು? ಇದಕ್ಕೆ ಉತ್ತರ ಸ್ಟಿಕ್ಕಿನ ಮೈಮೇಲೆಯೇ, ಅಕ್ಕಿಕಾಳಿನಷ್ಟಗಲದ ಒಂದು ಚಿಪ್ಪಿನಲ್ಲಿದೆ. ಎಸ್‌ಪಿಡಿ ಎನ್ನುತ್ತಾರೆ. ಡಿಡಿಆರ್4ರಲ್ಲಿ ಅದರ ಒಟ್ಟು ಜಾಗ 512 ಬೈಟ್. ಕನ್ನಡ ಯೂನಿಕೋಡಿನಲ್ಲಿ ಅಕ್ಷರ, ಒತ್ತು, ಕೊಂಬು, ದೀರ್ಘ ಒಂದೊಂದಕ್ಕೂ ಸಾಮಾನ್ಯವಾಗಿ ಮೂರು ಬೈಟ್ ಬೇಕಾದ್ದರಿಂದ ಅದರೊಳಗೆ ನಮ್ಮ ಅಕ್ಕನ ವಾಟ್ಸಾಪ್ ಶುಭೋದಯವೂ ಪೂರ್ತಿ ಹಿಡಿಸದು. ಅಷ್ಟರಲ್ಲೇ ರ‍್ಯಾಮ್ ತನ್ನ ಬಯೋಡೇಟಾ ಹೊತ್ತು ತಿರುಗುತ್ತದೆ.

ಬಯೋಡೇಟಾ ಎಂದದ್ದು ಮದುವೆಯ ಬಯೋಡೇಟಾ ಎಂಬ ಅರ್ಥದಲ್ಲೇ. ಅದರಲ್ಲಿ ಎರಡು ಭಾಗ. ಮೊದಲನೆಯದು ಮಾರ್ಕ್ಸ್‌ಕಾರ್ಡು ಇರುವ ಭಾಗ. 1958ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಈಗ ಚಿಪ್ ತಯಾರಕರೆಲ್ಲ ಒಟ್ಟಿಗೆ ಕೂತು ನಿಯಮ ಬರೆಯುವ ಜೆಡೆಕ್ ಎಂಬ ಸಂಸ್ಥೆಯ ಮಾನಕಕ್ಕೆ ತಕ್ಕ ವೇಗಗಳು ಅಲ್ಲಿರುತ್ತವೆ. ನಮ್ಮ ಹುಡುಗನ ಸ್ಟಿಕ್ಕಿನಲ್ಲಿ ಅದು 2133, 1.2 ವೋಲ್ಟ್. ಎರಡನೆಯ ಭಾಗ ವರನ ಕಡೆಯವರು ತಾವೇ ಬರೆದದ್ದು. ‘ಹುಡುಗ ತುಂಬಾ ಚುರುಕು, ಸದ್ಯದಲ್ಲೇ ಪ್ರಮೋಷನ್ನು’ ಎಂಬ ಧಾಟಿಯದು. ಅದರ ಹೆಸರು ಎಕ್ಸ್‌ಎಂಪಿ. ಇಂಟೆಲ್ 2007ರಲ್ಲಿ ಶುರುಮಾಡಿದ ಪದ್ಧತಿ; ಎಎಂಡಿಯವರು 2022ರಲ್ಲಿ ಎಕ್ಸ್‌ಪೋ ಎಂದು ತಮ್ಮದನ್ನು ತಂದರು. 3200 ಇರುವುದು ಈ ಭಾಗದಲ್ಲಿ, 1.35 ವೋಲ್ಟ್ ಕೊಟ್ಟರೆ ಮಾತ್ರ ಎಂಬ ಷರತ್ತಿನೊಡನೆ. ಮದರ್‌ಬೋರ್ಡು ಹುಡುಗಿಯ ಕಡೆಯ ಅಜ್ಜ. ಕನ್ನಡಕ ಏರಿಸಿ ಮೊದಲ ಪುಟ ಓದುತ್ತದೆ, ಎರಡನೆಯದನ್ನು ಮಡಚಿ ಜೇಬಿಗಿಡುತ್ತದೆ. ಮನೆಯವರು ಬಂದು “ಪರವಾಗಿಲ್ಲ ತಾತ, ಅದನ್ನೂ ನಂಬೋಣ” ಎಂದು ಬಾಯಿಬಿಟ್ಟು ಹೇಳುವವರೆಗೆ 2133ರ ಮೇಲೆ ಒಂದು ಹೆಜ್ಜೆ ಇಡುವುದಿಲ್ಲ.

ಅಜ್ಜನ ಎಚ್ಚರಿಕೆ ನನಗಂತೂ ಸರಿಯೆಂದೇ ತೋರುತ್ತದೆ. ಎರಡನೆಯ ಪುಟ ನಂಬಿ ಮೊದಲ ದಿನವೇ ಓಡಿಸಿ, ಪ್ರೊಸೆಸರಿಗೆ ಆ ವೇಗ ತಡೆಯದೇಹೋದರೆ ಪರದೆ ಕಪ್ಪಾಗುತ್ತದೆ. ಕಪ್ಪು ಪರದೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ವೇಗ ನೋಡುವುದಕ್ಕಾಗುವುದಿಲ್ಲ. ಇಲ್ಲಿ ಒಂದು ತಮಾಷೆಯೂ ಇದೆ. ಜೆಡೆಕ್‌ನ ಪಟ್ಟಿಯಲ್ಲೇ 3200 ಇದೆ, 1.2 ವೋಲ್ಟಿನಲ್ಲೇ. ಮೈಮೇಲೆ ಹೊದಿಕೆಯಿಲ್ಲದ, ದೀಪವಿಲ್ಲದ, ಬರಿಯ ಹಸಿರು ಹಲಗೆಯಂಥ ಸಾದಾ ಸ್ಟಿಕ್ಕುಗಳು ಆ ಮಾನಕಕ್ಕೆ ತಯಾರಾಗುತ್ತವೆ. ಪ್ರೊಸೆಸರ್ ಒಪ್ಪಿದರೆ ಯಾರ ಅಪ್ಪಣೆಗೂ ಕಾಯದೆ ಅಷ್ಟು ವೇಗದಲ್ಲಿ ಓಡುತ್ತವೆ. ಅಂಗಡಿಯಲ್ಲಿ ಅವನ್ನು ನಮ್ಮ ಹುಡುಗ ಮುಟ್ಟಿಯೂ ನೋಡಿರಲಿಲ್ಲ. “ಅವು ಆಫೀಸಿಗೆ ಮಾಮ” ಎಂದ.

ಹಾಗಾದರೆ ಮೋಸವೇ ಅಲ್ಲವೇ? ಅಮೆರಿಕದಲ್ಲಿ ಈ ಪ್ರಶ್ನೆ ಕೋರ್ಟು ಹತ್ತಿದೆ. ಜಿ.ಸ್ಕಿಲ್ ಎಂಬ ಕಂಪನಿಯ ಮೇಲೆ ಗ್ರಾಹಕರು ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ 2022ರಲ್ಲಿ ಇದೇ ದೂರು ಹಾಕಿದರು: ಪೆಟ್ಟಿಗೆ ಹೇಳುವ ವೇಗ ಪೆಟ್ಟಿಗೆ ಬಿಚ್ಚಿದ ಕೂಡಲೇ ಸಿಗುವುದಿಲ್ಲ, ಬಯೋಸ್‌ಗೆ ಎಂದರೆ ಬೋರ್ಡಿನ ಸೆಟ್ಟಿಂಗುಗಳಿಗೆ ಕೈಹಾಕಬೇಕೆಂದು ಯಾರೂ ತಿಳಿಸಿರಲಿಲ್ಲ ಎಂದು. ಕಂಪನಿ ತಪ್ಪೊಪ್ಪಿಕೊಳ್ಳದೆ 24 ಲಕ್ಷ ಡಾಲರಿಗೆ ರಾಜಿಯಾಯಿತು. ಮುಂದೆ ಅಂಕಿಯ ಜೊತೆ ‘ವರೆಗೆ’ ಎಂದು ಸೇರಿಸಿ, ಬಯೋಸ್ ಬದಲಾವಣೆ ಬೇಕೆಂದು ಅಚ್ಚು ಹಾಕಲು ಒಪ್ಪಿತು. ಕಂಪನಿಗಳು ಸುಳ್ಳು ಹೇಳುತ್ತವೆ ಎನ್ನಲಾರೆ. ನಿಜದ ದಪ್ಪ ಭಾಗವನ್ನು ಪೆಟ್ಟಿಗೆಯ ಮುಂದೆ, ಸಣ್ಣ ಭಾಗವನ್ನು ತಳದಲ್ಲಿ ಮುದ್ರಿಸುತ್ತವೆ ಅಷ್ಟೆ.

ಈ ಸುದ್ದಿ ಕೇಳಿದ್ದೇ ತಡ ಹುಡುಗನ ಮುಖ ಅರಳಿತು. “ಮಾಮ, ಅಮೆರಿಕದಲ್ಲಿ ಅಣ್ಣ ಇದಾನಲ್ಲ, ಅವನ ಹೆಸ್ರಲ್ಲಿ ಹಾಕಿದ್ರೆ ನಮಗೂ ಬರತ್ತಾ?” ಸ್ಟಿಕ್ಕು ಬೇರೆ ಕಂಪನಿಯದು, ಕೊಂಡದ್ದು ಬೆಂಗಳೂರಿನಲ್ಲಿ, ಕೊಂಡವನು ನೀನು ಎಂದು ಒಂದೊಂದಾಗಿ ತಿಳಿಹೇಳಿ ಅವನನ್ನು ಬಯೋಸ್ ಕಡೆ ತಿರುಗಿಸಿದೆ.

ಡಿಲೀಟ್ ಕೀಲಿ ಒತ್ತುತ್ತ ಕಂಪ್ಯೂಟರನ್ನು ಮತ್ತೆ ಶುರುಮಾಡಿದೆವು. ಎಕ್ಸ್‌ಎಂಪಿ ಎಂಬಲ್ಲಿ ‘ಡಿಸೇಬಲ್ಡ್’ ಇದ್ದದ್ದನ್ನು ‘ಪ್ರೊಫೈಲ್ 1’ ಮಾಡಿ ಉಳಿಸಿದೆವು. ಪರದೆ ಆರಿತು. ಫ್ಯಾನು ಜೋರಾಯಿತು, ನಿಂತಿತು, ಮತ್ತೆ ಜೋರಾಯಿತು. ಹೊಸ ವೇಗಕ್ಕೆ ತಂತಿಗಳ ಸಂಕೇತ ಸರಿಯಾಗಿ ಕೂರುತ್ತದೆಯೇ ಎಂದು ಬೋರ್ಡು ಪರೀಕ್ಷೆ ಮಾಡಿಕೊಳ್ಳುವ ಹೊತ್ತು ಅದು. ಟ್ರೈನಿಂಗ್ ಎಂದೇ ಹೆಸರು. ಅಡುಗೆಮನೆಯಿಂದ ಅಕ್ಕ ಬಂದು, “ಸುಟ್ಟೋಯ್ತಾ? ನಂಗೊತ್ತಿತ್ತು, ನೀವಿಬ್ರೂ ಸೇರಿದ್ರೆ ಏನಾದ್ರೂ ಸುಡತ್ತೆ” ಎಂದಳು. ಅವಳು ಮಾತು ಮುಗಿಸುವಷ್ಟರಲ್ಲಿ ವಿಂಡೋಸ್ ಬಂತು. ಟಾಸ್ಕ್ ಮ್ಯಾನೇಜರ್ ಬಂತು. ಅಂಕಿಯೂ ಬಂತು: 2666.

ಇನ್ನೂ 534 ಬಾಕಿ.

ಕಂಪ್ಯೂಟರ್ ಅವನ ಆ ಅಣ್ಣ ಅಮೆರಿಕಕ್ಕೆ ಹೊರಡುವಾಗ ಬಿಟ್ಟುಹೋದದ್ದು. ಇಂಟೆಲ್‌ನ ಐ5-8400, ಬಿ360 ಬೋರ್ಡು. ಮೊದಲೆಲ್ಲ ರ‍್ಯಾಮನ್ನು ಆಳುವ ಮಂಡಲ ಬೋರ್ಡಿನ ಮೇಲೆ ಬೇರೆಯಾಗಿ ಇರುತ್ತಿತ್ತು. ಎಎಂಡಿಯವರು 2003ರಲ್ಲಿ, ಇಂಟೆಲ್‌ನವರು 2008ರಲ್ಲಿ ಅದನ್ನು ಪ್ರೊಸೆಸರಿನ ಒಳಕ್ಕೇ ಸೇರಿಸಿದರು. ಅಂದಿನಿಂದ ರ‍್ಯಾಮಿನ ವೇಗಕ್ಕೆ ಪ್ರೊಸೆಸರಿನ ಒಪ್ಪಿಗೆ ಬೇಕು, ಮತ್ತು ಐ5-8400 ಒಪ್ಪುವುದು 2666ರ ತನಕ. ಅದಕ್ಕೂ ಮೇಲೆ ಹೋಗುವ ಸ್ವಾತಂತ್ರ್ಯವನ್ನು ಇಂಟೆಲ್ ಆಗ ದುಬಾರಿ ಝಡ್ ಸರಣಿಯ ಬೋರ್ಡುಗಳಿಗೆ ಮಾತ್ರ ಕೊಟ್ಟಿತ್ತು. ಬಿ ಸರಣಿಗೆ ಅದು ದಕ್ಕಿದ್ದು 2021ರಲ್ಲಿ, ಬಿ560 ಬಂದಾಗ. ಎಲೆಕ್ಟ್ರಾನು ಓಡಲು ತಯಾರಿದ್ದರೂ ಮಾರ್ಕೆಟಿಂಗ್ ವಿಭಾಗ ಗೇಟು ಹಾಕಿ ಕೂತಿದ್ದ ಕಾಲದ ಬೋರ್ಡು ಇದು. ಈ ಒಂದು ವಿಷಯದಲ್ಲಿ ಹುಡುಗನ ಸಿಟ್ಟಿಗೆ ನನ್ನ ಪೂರ್ತಿ ಬೆಂಬಲವಿದೆ.

ನಡುವೆ ನಾನೊಂದು ಸಲಹೆಯನ್ನೂ ಕೊಟ್ಟೆ. ತೆಗೆದಿಟ್ಟ ಹಳೆಯ 2400ರ ಸ್ಟಿಕ್ಕು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು, ಬೋರ್ಡಿನಲ್ಲಿ ಎರಡು ಜಾಗ ಖಾಲಿಯಿತ್ತು. “ಅದೂ ಇರಲಿ ಬಿಡೋ, ಯಾಕೆ ದಂಡ?” ಎಂದೆ. ಅವನು ಸ್ಟಿಕ್ಕನ್ನು ನನ್ನ ಕೈಗೆಟುಕದಂತೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಬೇರೆ ಬೇರೆ ವೇಗದ ಸ್ಟಿಕ್ಕು ಸೇರಿದರೆ ಎಲ್ಲವೂ ನಿಧಾನದವನ ಜೊತೆಗೇ ನಡೆಯಬೇಕೆಂಬುದು ಅವನಿಗೆ ಗೊತ್ತಿತ್ತು. ಅವಿಭಕ್ತ ಕುಟುಂಬದಲ್ಲಿ ಬೆಳೆಯದಿದ್ದರೂ ಈ ತಿಳಿವಳಿಕೆ ಎಲ್ಲಿಂದ ಬಂತೋ.

ಆ ಸಂಜೆ ಅವನು ಆಟ ಆಡಿ ನೋಡಿದ. “ಸೂಪರ್ ಮಾಮ, ಬೆಣ್ಣೆ ಥರಾ ಹೋಗ್ತಿದೆ” ಎಂದ. ನನಗೇನೂ ಕಾಣಲಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡಿದ್ದು, ಆಟದ ಭಾರವೆಲ್ಲ ಅದರ ಮೇಲೇ ಬಿದ್ದಾಗ ರ‍್ಯಾಮಿನ ವೇಗದಿಂದ ಹೆಚ್ಚುವುದು ಅಷ್ಟಕ್ಕಷ್ಟೆ. ಕಾರ್ಡಿಲ್ಲದೆ ಪ್ರೊಸೆಸರೇ ಚಿತ್ರ ಬಿಡಿಸುವ ಕಂಪ್ಯೂಟರಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಅವನಿಗೆ ಕಾರ್ಡಿತ್ತು. ಬೆಣ್ಣೆ ಎಲ್ಲಿಂದ ಬಂತೆಂದು ನಾನು ಕೇಳಹೋಗಲಿಲ್ಲ. ಐದೇ ನಿಮಿಷದಲ್ಲಿ ಯಾರೋ ಅವನನ್ನು ಹಿಂದಿನಿಂದ ಗುಂಡಿಟ್ಟು ಕೊಂದರು. ಅದಕ್ಕೆ ಇಂಟರ್‌ನೆಟ್ಟು ಕಾರಣವಂತೆ.

ನನ್ನನ್ನು ಕಾಡುತ್ತಿದ್ದದ್ದು ಬೇರೆಯೇ. ಪೆಟ್ಟಿಗೆಯ ಮೇಲೆ 3200ರ ಪಕ್ಕದಲ್ಲಿ ಸಣ್ಣದಾಗಿ ಸಿಎಲ್16 ಎಂದಿತ್ತು. ಮಾಹಿತಿ ಕೂತಿರುವ ಸಾಲು ತೆರೆದಿದ್ದಾಗಲೂ, ಕೇಳಿದ ಮೇಲೆ ಮೊದಲ ಮಾಹಿತಿ ಹೊರಬರಲು ಎಷ್ಟು ಮಿಡಿತ ಕಾಯಬೇಕು ಎಂಬ ಲೆಕ್ಕ ಅದು. 1600 ಮೆಗಾಹರ್ಟ್ಸ್ ಗಡಿಯಾರದ 16 ಮಿಡಿತವೆಂದರೆ 10 ನ್ಯಾನೊಸೆಕೆಂಡ್. 2003ರ ಸುಮಾರಿಗೆ ಸಿಗುತ್ತಿದ್ದ ಒಳ್ಳೆಯ ಡಿಡಿಆರ್-400 ಸ್ಟಿಕ್ಕಿನಲ್ಲಿ ಗಡಿಯಾರ 200 ಮೆಗಾಹರ್ಟ್ಸ್, ಕಾಯುವುದು 2 ಮಿಡಿತ. ಗುಣಿಸಿ ನೋಡಿ, 10 ನ್ಯಾನೊಸೆಕೆಂಡ್. ಈಗ ಹುಡುಗರು ಬಾಯಿ ಚಪ್ಪರಿಸುವ ಡಿಡಿಆರ್5-6000 ಸಿಎಲ್30? ಅದೂ 10 ನ್ಯಾನೊಸೆಕೆಂಡ್. ಎರಡು ದಶಕದಲ್ಲಿ ಪೆಟ್ಟಿಗೆಯ ಅಂಕಿ ಹದಿನೈದು ಪಟ್ಟಾಯಿತು, ಮೊದಲ ಹನಿಗಾಗಿ ಕಾಯುವ ಹೊತ್ತು ಇದ್ದಲ್ಲೇ ಇದೆ. ಹನಿ ಬಿದ್ದ ಮೇಲೆ ಧಾರೆ ದಪ್ಪವಾಗಿದೆ, ಅದು ನಿಜ. 3200 ಎಂದರೆ ಒಂದು ಚಾನೆಲ್ಲಿಗೆ ಸೆಕೆಂಡಿಗೆ 25.6 ಗಿಗಾಬೈಟ್. ಆದರೆ 4 ಗಿಗಾಹರ್ಟ್ಸ್‌ನಲ್ಲಿ ಓಡುವ ಪ್ರೊಸೆಸರಿಗೆ ಆ 10 ನ್ಯಾನೊಸೆಕೆಂಡಿನಲ್ಲಿ 40 ಮಿಡಿತ ಕಳೆದುಹೋಗುತ್ತದೆ. ಮುಚ್ಚಿದ ಸಾಲು ತೆರೆದು, ದಾರಿ ಸವೆಸಿ ಮಾಹಿತಿ ಕೈಸೇರುವಾಗ ಇನ್ನೂ ಹಲವು ಪಟ್ಟು. ಇಂಥ ಕಾಯುವಿಕೆಗೆ ವಿದ್ವಾಂಸರು 1995ರಲ್ಲೇ ‘ಮೆಮೊರಿ ಗೋಡೆ’ ಎಂದು ಹೆಸರಿಟ್ಟಿದ್ದಾರೆ.

ಕಾರಣ ರ‍್ಯಾಮಿನ ಹುಟ್ಟುಗುಣದಲ್ಲಿದೆ. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇಂದಿಗೂ ನಡೆಯುತ್ತಿದೆ: ಒಂದು ಟ್ರಾನ್ಸಿಸ್ಟರು, ಒಂದು ಪುಟಾಣಿ ಕೆಪಾಸಿಟರು, ಅದರಲ್ಲಿ ಚೂರು ವಿದ್ಯುತ್ತಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ಚೂರು ಎಷ್ಟು ಬಡಪಾಯಿಯೆಂದರೆ ಓದಿದ ಕೂಡಲೇ ಖಾಲಿಯಾಗುತ್ತದೆ, ಮತ್ತೆ ಬರೆದಿಡಬೇಕು. ಓದದೆ ಬಿಟ್ಟರೂ ಸೋರಿಹೋಗುತ್ತದೆ. ಅದಕ್ಕಾಗಿ 64 ಮಿಲಿಸೆಕೆಂಡಿಗೊಮ್ಮೆ ಇಡೀ ನೆನಪನ್ನು ಮತ್ತೆ ತುಂಬಿಸುತ್ತಲೇ ಇರಬೇಕು. ಮೈ 85 ಡಿಗ್ರಿ ದಾಟಿ ಬಿಸಿಯಾದರೆ 32 ಮಿಲಿಸೆಕೆಂಡಿಗೊಮ್ಮೆ. ಡಿಡಿಆರ್4ರಲ್ಲಿ 7.8 ಮೈಕ್ರೊಸೆಕೆಂಡಿಗೊಂದು ಸಲ ಈ ಕೆಲಸಕ್ಕಾಗಿ ಬಾಗಿಲು ಮುಚ್ಚುತ್ತದೆ. 8 ಗಿಗಾಬಿಟ್ಟಿನ ಚಿಪ್ಪಾದರೆ 350 ನ್ಯಾನೊಸೆಕೆಂಡ್ ತೆರೆಯುವುದಿಲ್ಲ. ಹೀಗೆ ನೂರಕ್ಕೆ ನಾಲ್ಕೂವರೆ ಪಾಲು ಹೊತ್ತು ರ‍್ಯಾಮು ಯಾವ ವೇಗದಲ್ಲೂ ಇರುವುದಿಲ್ಲ, ತನಗೇನು ನೆನಪಿದೆಯೆಂದು ತಾನೇ ಒಪ್ಪಿಸಿಕೊಳ್ಳುತ್ತಿರುತ್ತದೆ. ಅರವತ್ತು ದಾಟಿದವನಾಗಿ ನನಗೆ ಇದರಲ್ಲಿ ಆಕ್ಷೇಪಣೆಯೇನೂ ಕಾಣಲಿಲ್ಲ. ಕನ್ನಡಕ ಎಲ್ಲಿಟ್ಟೆನೆಂದು ಕಂಡುಹಿಡಿಯಲು ನನಗೆ ಇದಕ್ಕಿಂತ ಹೆಚ್ಚು ಪಾಲು ಬೇಕು.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಅವನು ಗಂಭೀರವಾಗಿ ಕೇಳಿಸಿಕೊಂಡು, “ಹಾಗಾದ್ರೆ ಈ ಬೋರ್ಡೇ ಸರಿಯಿಲ್ಲ” ಎಂಬ ತೀರ್ಮಾನಕ್ಕೆ ಬಂದ. ಈಗ ರೈಜನ್ 7000, ಡಿಡಿಆರ್5-6000 ಎಂದು ಪಟ್ಟಿ ಮಾಡಿ ಅಕ್ಕನ ಮುಂದಿಟ್ಟಿದ್ದಾನೆ. ಪಟ್ಟಿಯಲ್ಲಿ ನಾಲ್ಕು ಸ್ಟಿಕ್ಕು ಕಂಡು ನಾನು ಎಚ್ಚರಿಸಿದೆ. ಆ ಪ್ರೊಸೆಸರಿಗೆ ಎಎಂಡಿ ಕೊಟ್ಟಿರುವ ಭರವಸೆ ಎರಡು ಸ್ಟಿಕ್ಕಾದರೆ 5200, ನಾಲ್ಕಾದರೆ 3600 ಮಾತ್ರ. ಒಂದೇ ತಂತಿಗೆ ಹೊರೆ ಹೆಚ್ಚಾದಷ್ಟೂ ಸಂಕೇತ ಮಸುಕಾಗುತ್ತದೆ. ದೊಡ್ಡವೆರಡೇ ತಗೋ, ವೇಗ ಉಳಿಯುತ್ತೆ ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ.

“ಬೇಡ ಮಾಮ, ನಾಲ್ಕೇ ಇರಲಿ. ಎರಡೇ ಹಾಕಿದ್ರೆ ಮಧ್ಯ ಮಧ್ಯ ಖಾಲಿ ಕಾಣತ್ತೆ. ನಾಲ್ಕರಲ್ಲೂ ಲೈಟಿದೆ.”